ಮೇಣಿಗಿಲ್ಲದ ಕೇಸು ಬಂದೂಕಿನ ಹಿಡಿಗೇಕೆ?

ನೇಗಿಲಿನ ಮೇಣಿ ಮುರಿದರೆ ರೈತ ಆಚಾರಿಯ ಮನೆಗೆ ಹೋಗುತ್ತಾನೆ. ಕೊಡಲಿಯ ಕಾವು ಸಡಿಲವಾದರೂ ಅಲ್ಲಿಗೇ, ಗುದ್ದಲಿಯ ಕಾವು ಸೀಳಿದರೂ ಅಲ್ಲಿಗೇ. ಅದೇ ರೈತನ ಮನೆಯಲ್ಲಿ ಲೈಸೆನ್ಸ್ ಇರುವ ಹಳೆಯ ಜೋಡಿ ನಳಿಗೆ ಬಂದೂಕಿದ್ದು, ಅದರ ಮರದ ಹಿಡಿ ಬಿರುಕು ಬಿಟ್ಟರೆ ಮಾತ್ರ ಆ ಬಾಗಿಲು ಮುಚ್ಚಿದೆ. ಹೋದರೂ ಆಚಾರಿ ಮುಟ್ಟುವಂತಿಲ್ಲ. ಮುಟ್ಟಿದರೆ ಕಾನೂನಿನ ಕಣ್ಣಿಗೆ ಅವನು ಲೈಸೆನ್ಸಿಲ್ಲದೆ ಬಂದೂಕು ರಿಪೇರಿ ಮಾಡಿದವನು. ಕದ್ದುಮುಚ್ಚಿ ನಾಡಪಿಸ್ತೂಲು ಮಾಡುವವನೂ ಅವನೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಇದು ಅನ್ಯಾಯ, ಅದಕ್ಕಿಂತ ಹೆಚ್ಚಾಗಿ ದಡ್ಡತನ ಎಂದು ಹೇಳುವುದಕ್ಕೆ ಈ ಲೇಖನ. ಬಂದೂಕಿನ ವಕಾಲತ್ತು ವಹಿಸಿದ್ದಾನೆ ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಕೊನೆಯವರೆಗೆ ಓದಿ ಮುರಿಯಲಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಮೊದಲು ನಮ್ಮ ಕಡೆ ಬಂದೂಕು ಅಂದರೆ ಏನು ಎಂದು ಹೇಳಿಬಿಡುತ್ತೇನೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಲ್ಲಿ ಅದು ಶೋಕಿಯ ವಸ್ತುವಲ್ಲ. ಕೊಡಗಿನಲ್ಲಿ ಕೋವಿಗೆ ಹಬ್ಬವಿದೆ, ಅಲ್ಲಿಯ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿಯಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟ್ ಆ ವಿನಾಯಿತಿಯನ್ನು ಎತ್ತಿಹಿಡಿದಿದೆ. ನಮ್ಮ ಬಯಲುಸೀಮೆಯ ಬಂದೂಕಿಗೆ ಅಂಥ ಮೆರವಣಿಗೆ ಇಲ್ಲ. ಆಯುಧಪೂಜೆಯ ದಿನ ನೇಗಿಲು, ತಕ್ಕಡಿ, ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯ ಜೊತೆ ಅದಕ್ಕೂ ಒಂದು ಪಟ್ಟೆ ವಿಭೂತಿ, ಒಂದು ಹೂವು. ಉಳಿದ ದಿನ ಬೀರುವಿನಲ್ಲಿ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ, ಮೆಕ್ಕೆಜೋಳ ಹಾಲುಗಟ್ಟುವ ಹೊತ್ತಿಗೆ ಹೊರಗೆ ಬರುತ್ತದೆ. ರಾತ್ರಿ ಹಂದಿಯ ಹಿಂಡು ನುಗ್ಗಿದರೆ ಗಾಳಿಯಲ್ಲಿ ಒಂದು ತೋಟಾ ಹಾರಿಸಿ ಸದ್ದು ಮಾಡುವುದು ಅದರ ಕೆಲಸ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೆಳೆ ತಿನ್ನುವ ಹಂದಿಯನ್ನೂ ಅಧಿಕಾರಿಗಳ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಆ ಕಾಯ್ದೆಯ ಬಗ್ಗೆ ನನ್ನ ತಕರಾರಿಲ್ಲ. ಜೋಗಿಮಟ್ಟಿಯ ಕರಡಿಗೂ ಬದುಕಬೇಕು.

ನನ್ನ ಬಳಿ ಇರುವುದು ತಂದೆಯವರಿಂದ ಬಂದ 12 ಬೋರಿನ ಬಂದೂಕು. ಅವರು ತೀರಿಕೊಂಡ ಮೇಲೆ ವಾರಸುದಾರನೆಂದು ಲೈಸೆನ್ಸ್ ನನ್ನ ಹೆಸರಿಗಾಯಿತು. ಮೇಷ್ಟ್ರಾಗಿ ನಿವೃತ್ತನಾದ ನಾನು ಅದನ್ನು ಹಾರಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಒರೆಸುವಾಗಲೇ ಬಿರುಕು ಕಣ್ಣಿಗೆ ಬಿದ್ದದ್ದು.

ಬಂದೂಕಿನ ಮರ ಎಲ್ಲಿ ಬೇಕೆಂದರಲ್ಲಿ ಸೀಳುವುದಿಲ್ಲ. ಟ್ರಿಗರಿನ ಹಿಂದೆ, ಅಂಗೈ ಸುತ್ತಿ ಹಿಡಿಯುವ ಜಾಗದಲ್ಲಿ ಅದು ಅತಿ ತೆಳ್ಳಗಿರುತ್ತದೆ. ನಮ್ಮವರು ಅದನ್ನು ಕುತ್ತಿಗೆ ಅನ್ನುತ್ತಾರೆ. ಹಾರಿಸಿದಾಗ ಹಿಂದಕ್ಕೆ ಒದೆಯುವ ಬಲವೆಲ್ಲ ಈ ಕುತ್ತಿಗೆಯ ಮೂಲಕವೇ ಭುಜಕ್ಕೆ ಬರಬೇಕು. ಐವತ್ತು ಅರವತ್ತು ವರ್ಷ ನಳಿಗೆಗೆ ಹಚ್ಚಿದ ಎಣ್ಣೆ ಇಳಿದು ಇಳಿದು ಮರದ ತಲೆಯನ್ನು ಕೊಬ್ಬರಿಯಂತೆ ಮೆತ್ತಗೆ ಮಾಡಿರುತ್ತದೆ. ನಮ್ಮ ಬೇಸಿಗೆಯ ಒಣಹವೆಗೆ ಮರ ಕುಗ್ಗಿ ತಿರುಪುಗಳು ಸಡಿಲವಾಗಿರುತ್ತವೆ. ಕಬ್ಬಿಣಕ್ಕೂ ಮರಕ್ಕೂ ನಡುವೆ ಕೂದಲೆಳೆಯ ಸಂದು ಬಿತ್ತೆಂದರೆ, ಪ್ರತಿ ಸಲ ಹಾರಿಸಿದಾಗಲೂ ಕಬ್ಬಿಣ ಬೆಣೆಯಂತೆ ಮರವನ್ನು ಹೊಡೆಯುತ್ತದೆ. ಒಂದು ದಿನ ಅದು ಸೀಳಿ ಎರಡಾಗುತ್ತದೆ. ಆ ದಿನ ನಳಿಗೆಯ ಬಾಯಿ ಯಾವ ಕಡೆಗಿತ್ತು ಎಂಬುದು ಅದೃಷ್ಟದ ಮಾತು.

ಇಂಥ ಬಂದೂಕುಗಳಿಗೆ ನಮ್ಮ ಹಳ್ಳಿಗಳಲ್ಲಿ ಏನು ಮಾಡುತ್ತಾರೆ ಗೊತ್ತೆ? ತಾಮ್ರದ ತಂತಿ ಸುತ್ತುತ್ತಾರೆ. ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯುತ್ತಾರೆ. ಫೆವಿಕಾಲ್ ಸುರಿದು ಹಗ್ಗ ಕಟ್ಟಿ ಒಣಗಿಸುತ್ತಾರೆ. ಎಣ್ಣೆ ಕುಡಿದ ಮರಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ ಎಂದು ಗೊತ್ತಿರುವ ಆಚಾರಿ ನಾಲ್ಕು ಮನೆಯಾಚೆ ಇರುತ್ತಾನೆ. ಅವನನ್ನು ಕೇಳುವ ಹಾಗಿಲ್ಲ.

ಏಕೆಂದು ಕಾನೂನಿನ ಪುಸ್ತಕ ಹೇಳುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಲೈಸೆನ್ಸಿಲ್ಲದೆ ಬಂದೂಕು ತಯಾರಿಸುವುದು, ಮಾರುವುದು, ರೂಪ ಬದಲಿಸುವುದು, ರಿಪೇರಿ ಮಾಡುವುದು ಎಲ್ಲವನ್ನೂ ಒಂದೇ ಉಸಿರಿಗೆ ನಿಷೇಧಿಸುತ್ತದೆ. 25ನೇ ಕಲಂ ಇವೆಲ್ಲಕ್ಕೂ ಒಂದೇ ಶಿಕ್ಷೆ ಇಟ್ಟಿದೆ. 2019ರ ತಿದ್ದುಪಡಿಯ ನಂತರ ಆ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ‘ರಿಪೇರಿ’ ಎಂಬ ಪದವನ್ನು ಆ ಕಲಂ ಬಿಡಿಸಿ ಹೇಳುವುದಿಲ್ಲ. ನಳಿಗೆ ಕೊರೆಯುವುದೂ ರಿಪೇರಿ, ಕಟ್ಟಿಗೆ ಕೆತ್ತುವುದೂ ರಿಪೇರಿ. ಕೋರ್ಟಿನಲ್ಲಿ ವಕೀಲರು ಇದನ್ನು ಎಳೆಎಳೆಯಾಗಿ ವಾದಿಸಿ ಗೆಲ್ಲಬಹುದು. ಆದರೆ ವಾದ ಮುಗಿಯುವ ಹೊತ್ತಿಗೆ ಆಚಾರಿಯ ಕೈಯ ಉಳಿ ತುಕ್ಕು ಹಿಡಿದಿರುತ್ತದೆ.

ಇದೇ ಕಾಯ್ದೆಯ 3ನೇ ಕಲಮಿನಲ್ಲಿ ಒಂದು ಒಳ್ಳೆಯ ಮಾತೂ ಇದೆ. ಲೈಸೆನ್ಸ್‌ದಾರನ ಎದುರಿನಲ್ಲಿ, ಅಥವಾ ಅವನು ಬರೆದುಕೊಟ್ಟ ಚೀಟಿಯ ಮೇಲೆ, ಬೇರೊಬ್ಬನು ಬಂದೂಕನ್ನು ರಿಪೇರಿಗೆಂದು ಒಯ್ಯಬಹುದು. ಅಂದರೆ ಬಂದೂಕು ಕೆಡುತ್ತದೆ, ರಿಪೇರಿ ಬೇಕಾಗುತ್ತದೆ ಎಂಬುದು ಕಾನೂನು ಬರೆದವರಿಗೂ ಗೊತ್ತಿತ್ತು. ಒಯ್ಯಲು ದಾರಿ ಬಿಟ್ಟರು. ಒಯ್ದು ತಲುಪುವ ಜಾಗವನ್ನು ಮಾತ್ರ ಹಳ್ಳಿಯಿಂದ ದೂರ ಇಟ್ಟರು.

ನಾನು ಆ ದೂರದ ಜಾಗಕ್ಕೇ ಹೋದೆ. ಊರು, ಅಂಗಡಿಯ ಹೆಸರು ಬೇಡ. ಲೈಸೆನ್ಸ್ ಇರುವ ಅಂಗಡಿ, ರಶೀದಿ ಕೊಟ್ಟರು, ಎಲ್ಲ ಕ್ರಮಬದ್ಧ. ತಿಂಗಳುಗಟ್ಟಲೆ ಕಾದ ಮೇಲೆ ಬಂದೂಕು ಬಂತು. ಹೊಸ ಹಿಡಿ ಫಳಫಳ ಹೊಳೆಯುತ್ತಿತ್ತು. ಮೇಲೆ ಗಾಜಿನಂಥ ವಾರ್ನಿಷ್. ಕಬ್ಬಿಣ ಮರಕ್ಕೆ ಸೇರುವ ಕಡೆ ಕಂದು ಬಣ್ಣದ ಪುಟ್ಟಿ ತುಂಬಿ ಸಂದು ಮುಚ್ಚಿದ್ದರು. ಮೊದಲಿನ ಹಿಡಿಗಿಂತ ಮುಕ್ಕಾಲು ಇಂಚು ಉದ್ದ. ಕುತ್ತಿಗೆಯ ಮೇಲೆ ಚೌಕಳಿ ಇತ್ತು, ಆದರೆ ಅದು ಕೈಯಿಂದ ಕೊಯ್ದದ್ದಲ್ಲ. ಯಂತ್ರದಲ್ಲಿ ಮರವನ್ನು ಒತ್ತಿ, ಚಕ್ಕುಲಿ ಒರಳಿನ ಅಚ್ಚಿನಂತೆ ಮೂಡಿಸಿದ್ದು. ಹಳೆಯ ಮರ ಎಲ್ಲಿ ಎಂದು ಕೇಳಿದೆ. ‘ಅದು ವೇಸ್ಟ್ ಅಲ್ವಾ ಸಾರ್’ ಎಂದರು.

ಚೌಕಳಿ ಅಂದರೆ ಏನು ಎಂದು ಕೇಳುವವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಜೋಡಿ ನಳಿಗೆ ಬಂದೂಕುಗಳ ಕುತ್ತಿಗೆಯ ಮೇಲೆ, ನಳಿಗೆಯ ಕೆಳಗೆ ಎಡಗೈ ಹಿಡಿಯುವ ತುಂಡು ಮರದ ಮೇಲೆ, ಅಡ್ಡಡ್ಡ ಗೀರು ಹಾಕಿದ ಒಂದು ಜಾಲರಿ ಇರುತ್ತದೆ. ಬೆರಳಾಡಿಸಿದರೆ ನೂರಾರು ಸಣ್ಣ ಮೊನೆಗಳು ತಾಗುತ್ತವೆ. ಅಂದಕ್ಕೆಂದು ಮಾಡಿದ್ದು ಅಂದುಕೊಳ್ಳುತ್ತೇವೆ. ರಾತ್ರಿ ಇಬ್ಬನಿಯಲ್ಲಿ, ಬೆವರಿದ ಅಂಗೈಯಲ್ಲಿ, ಮೂರು ಕೆಜಿ ತೂಕದ ಬಂದೂಕು ಜಾರದಿರಲಿ ಎಂದು ಅದನ್ನು ಕೊಯ್ದಿರುವುದು. ಒತ್ತಿ ಮಾಡಿದ ಚೌಕಳಿಯಲ್ಲಿ ಮೊನೆ ಇರುವುದಿಲ್ಲ. ಅದರ ಮೇಲೆ ವಾರ್ನಿಷ್ ಬಳಿದರೆ ಮುಗಿಯಿತು, ನೋಡಲು ಚೌಕಳಿ, ಹಿಡಿದರೆ ಜಾರುಬಂಡೆ.

ಕೈಯಿಂದ ಕೊಯ್ಯುವ ಬಗೆಯನ್ನು ನನಗೆ ತೋರಿಸಿದವರು ನಮ್ಮ ತಾಲ್ಲೂಕಿನ ಹಿರಿಯ ಆಚಾರಿಯೊಬ್ಬರು. ಬಂದೂಕಿನ ಮೇಲಲ್ಲ, ಬಾಗಿಲ ಚೌಕಟ್ಟಿನಿಂದ ಉಳಿದ ಒಂದು ತುಂಡು ಮರದ ಮೇಲೆ. ಅದಕ್ಕೆ ಯಾವ ಕಲಮೂ ಅಡ್ಡಿ ಬರುವುದಿಲ್ಲ. ಮುರಿದ ಹ್ಯಾಕ್ಸಾ ಬ್ಲೇಡನ್ನು ಉಜ್ಜಿ, ಎರಡು ಸಾಲು ಹಲ್ಲಿನ ಒಂದು ಸಣ್ಣ ಉಪಕರಣ ಮಾಡಿಕೊಂಡಿದ್ದರು. ಮೊದಲು ಎರಡು ಗೆರೆ. ಒಂದನ್ನೊಂದು ಓರೆಯಾಗಿ ದಾಟುವ ಆ ಎರಡು ಗೆರೆಗಳೇ ಇಡೀ ಕೆಲಸಕ್ಕೆ ತಾಯಿ. ಮೂಡುವ ವಜ್ರದ ಉದ್ದ ಅಗಲದ ಮೂರು ಮೂರೂವರೆ ಪಟ್ಟು ಇರುವಂತೆ ಕೋನ ಹಿಡಿಯಬೇಕು. ಕುತ್ತಿಗೆ ದುಂಡಗಿರುವುದರಿಂದ ಅಲ್ಲಿ ಸ್ಕೇಲು ಕೂರುವುದಿಲ್ಲ. ಹಳೆಯ ಎಕ್ಸ್‌ರೇ ಫಿಲ್ಮಿನ ಪಟ್ಟಿ ಸುತ್ತಿ ಗೆರೆ ಎಳೆಯಬೇಕು. ಆಮೇಲೆ ಉಪಕರಣದ ಒಂದು ಸಾಲು ಹಲ್ಲು ಕೊಯ್ದ ಗೆರೆಯಲ್ಲಿ ಓಡುತ್ತದೆ, ಇನ್ನೊಂದು ಸಾಲು ಪಕ್ಕದ ಹೊಸ ಗೆರೆಯನ್ನು ತೆಗೆಯುತ್ತದೆ. ಹೀಗೇ ಗೆರೆಯ ಪಕ್ಕ ಗೆರೆ. ಒಂದು ಇಂಚಿಗೆ 20ರಿಂದ 24 ಗೆರೆ ಕೂರಿಸುವುದು ಒಳ್ಳೆಯ ಕೆಲಸ. ಮೂರನೆಯ ಗೆರೆಯಲ್ಲಿ ಕೂದಲಷ್ಟು ಸೊಟ್ಟಗಾದರೆ ಮೂವತ್ತನೆಯ ಗೆರೆಗೆ ಅದು ಊರಿಗೆಲ್ಲ ಕಾಣುತ್ತದೆ. ಎಲ್ಲ ಗೆರೆ ಮುಗಿದ ಮೇಲೆ ಇನ್ನೊಂದು ಹಲ್ಲಿನಿಂದ ಎರಡು ಮೂರು ಸಲ ಆಳ ಮಾಡಿ ಮೊನೆ ಎಬ್ಬಿಸಬೇಕು. ಅಂಚಿನ ಗೆರೆಯನ್ನು ಒಂದು ಸಲವೂ ದಾಟಬಾರದು.

ಹೊಸ ಮರವನ್ನು ಕಬ್ಬಿಣಕ್ಕೆ ಕೂರಿಸುವುದು ಇದಕ್ಕಿಂತ ಕಷ್ಟ. ಅದರ ಬಗೆಯನ್ನು ಬಾಯಲ್ಲೇ ವಿವರಿಸಿದರು. ಕಬ್ಬಿಣಕ್ಕೆ ದೀಪದ ಮಸಿ ಸವರಿ ಮರದ ಗೂಡಿಗೆ ಒತ್ತಬೇಕು. ತೆಗೆದು ನೋಡಿದರೆ ಉಬ್ಬಿರುವ ಕಡೆ ಮಸಿ ಹತ್ತಿರುತ್ತದೆ. ಅಷ್ಟನ್ನು ಮಾತ್ರ ಉಳಿಯಿಂದ ಕೆರೆಯಬೇಕು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆತ. ಗೂಡಿನ ತುಂಬ ಒಂದೇ ಸಮನಾಗಿ ಮಸಿ ಹತ್ತುವವರೆಗೆ ನೂರು ಸಲವೋ ಇನ್ನೂರು ಸಲವೋ. ಮರದ ಎಳೆ ಕುತ್ತಿಗೆಯುದ್ದಕ್ಕೂ ನೇರ ಹರಿದಿರಬೇಕು, ಓರೆಯಾದರೆ ಸೀಳುತ್ತದೆ. ಸಾಗುವಾನಿ ಹಗುರ, ಆದರೆ ಏಟಿಗೆ ಸಿಡಿಯುತ್ತದೆ, ಸಣ್ಣ ಚೌಕಳಿ ನಿಲ್ಲುವುದಿಲ್ಲ. ಬೀಟೆ ಸುಂದರ, ಆದರೆ ಭಾರ, ಮೇಲಾಗಿ ಕಡಿಯಲು ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಗಾಡಿಗೆ, ನೇಗಿಲಿಗೆ ಹಾಕುವ ಕರಿಜಾಲಿ ಏಟು ತಡೆಯುತ್ತದೆ, ತೂಕ ಹೆಚ್ಚು, ಎಳೆ ಒರಟು. ಎಲ್ಲದರಲ್ಲೂ ಹದವಾದದ್ದು ಕಾಶ್ಮೀರದ ಅಕ್ರೋಟು ಮರ. ವಾರ್ನಿಷ್ ಬೇಡವೇ ಬೇಡ. ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ತಿಕ್ಕಿ ಕುಡಿಸಬೇಕು, ಪ್ರತಿ ಸಲ ಒಣಗಲು ಬಿಟ್ಟು, ವಾರಗಟ್ಟಲೆ.

‘ಹಾಗಾದ್ರೆ ನೀವೇ ಮಾಡಬಹುದಿತ್ತಲ್ಲ ಆಚಾರ್ರೆ’ ಎಂದೆ.

‘ಮಾಡಾಕೆ ನನ್ ಕೈಗೆ ಬರ್ತೈತೆ ಮೇಷ್ಟ್ರೆ. ಆಮೇಲೆ ಸ್ಟೇಷನ್ನಿಗೆ ಅಲೆಯಾಕೆ ನನ್ ಕಾಲಿಗೆ ಬರಲ್ಲ’ ಎಂದರು.

ನನ್ನ ಸಿಟ್ಟೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಕೆಲಸ ಬಲ್ಲವನಿಗೆ ಅಪ್ಪಣೆ ಇಲ್ಲ. ಅಪ್ಪಣೆ ಇರುವ ಕಡೆ ಕೆಲಸ ಇಲ್ಲ.

ಈಗ ಎದುರುವಾದಗಳಿಗೆ ಬರುತ್ತೇನೆ. ಮೊದಲನೆಯದು, ಬಂದೂಕಿನ ವಿಷಯದಲ್ಲಿ ಸಡಿಲ ಬಿಟ್ಟರೆ ಬಂದೂಕು ಹೆಚ್ಚುತ್ತವೆ ಎಂಬುದು. ಒಂದು ಹಿಡಿ ಬದಲಿಸಿದರೆ ದೇಶದಲ್ಲಿ ಒಂದು ಬಂದೂಕೂ ಹೆಚ್ಚುವುದಿಲ್ಲ. ಲೈಸೆನ್ಸ್ ಪುಸ್ತಕ ತೆಗೆದು ನೋಡಿ. ಅಲ್ಲಿ ಬರೆದಿರುವುದು ಬೋರು, ಬಗೆ, ಕಬ್ಬಿಣದ ಮೇಲೆ ಕೊರೆದ ನಂಬರು. ಚುನಾವಣೆ ಘೋಷಣೆಯಾದಾಗ ನಮ್ಮ ಬಂದೂಕುಗಳನ್ನು ಠಾಣೆಗೆ ಒಪ್ಪಿಸುತ್ತೇವೆ. ಆಗ ಕೊಡುವ ರಶೀದಿಯಲ್ಲೂ ಅದೇ ನಂಬರು. ಒಂದು ಸಲ ನನ್ನ ಬಂದೂಕು ವಾಪಸು ಬಂದಾಗ ಹಿಡಿಯ ಅಂಚು ಅಂಗೈಯಗಲ ಕೆತ್ತಿಹೋಗಿತ್ತು. ಹೇಳಿದರೆ, ‘ನಂಬರ್ ಸರಿ ಇದೆಯಲ್ಲ’ ಎಂಬ ಉತ್ತರ ಸಿಕ್ಕಿತು. ಸರಿಯಾದ ಉತ್ತರವೇ. ಸರ್ಕಾರ ತಾನು ಜವಾಬ್ದಾರಿ ಹೊರಬೇಕಾದಾಗ ಮರವನ್ನು ಬಂದೂಕಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಚಾರಿಯನ್ನು ಹಿಡಿಯಬೇಕಾದಾಗ ಮಾತ್ರ ಹಿಡಿಯುತ್ತದೆ.

ಹೊರದೇಶಗಳ ಕಾನೂನು ಈ ಗೊಂದಲಕ್ಕೆ ಎಡೆ ಕೊಟ್ಟಿಲ್ಲ. ಬಂದೂಕಿನ ಬಗ್ಗೆ ಬಿಗಿಯಾದ ಕಾನೂನಿರುವ ಬ್ರಿಟನ್ನು 2017ರ ಕಾಯ್ದೆಯಲ್ಲಿ ನಿಯಂತ್ರಣಕ್ಕೆ ಒಳಪಡುವ ಬಿಡಿಭಾಗಗಳನ್ನು ಹೆಸರಿಸಿ ಪಟ್ಟಿ ಮಾಡಿತು. ನಳಿಗೆ, ತೋಟಾ ಕೂರುವ ಕೋಣೆ, ಚೌಕಟ್ಟು ಇಂಥವು ಅದರಲ್ಲಿವೆ, ಮರದ ಹಿಡಿ ಇಲ್ಲ. ಅಮೆರಿಕದಲ್ಲಿ 1968ರ ಕಾಯ್ದೆಯ ಪ್ರಕಾರ ಬಂದೂಕು ಎಂದು ಲೆಕ್ಕಕ್ಕೆ ಬರುವ ಬಿಡಿಭಾಗ ಅದರ ಲೋಹದ ಚೌಕಟ್ಟು. ಸಿಡಿಯುವ ಭಾಗ ಬೇರೆ, ಹಿಡಿಯುವ ಭಾಗ ಬೇರೆ ಎಂಬುದು ಇಷ್ಟು ಸರಳ.

ಎರಡನೆಯ ಮಾತು, ಬಿಗಿ ಕಾನೂನಿನಿಂದ ಕಳ್ಳ ಬಂದೂಕು ನಿಲ್ಲುತ್ತದೆ ಎಂಬುದು. ಬಿಹಾರದ ಮುಂಗೇರ್ ಅದಕ್ಕೆ ಉತ್ತರ. 1760ರ ದಶಕದಲ್ಲಿ ನವಾಬ ಮೀರ್ ಕಾಸಿಮ್ ರಾಜಧಾನಿಯನ್ನು ಅಲ್ಲಿಗೆ ಒಯ್ದಂದಿನಿಂದ ಅದು ಬಂದೂಕು ಕಸುಬಿನ ಊರು. ಅಲ್ಲಿಯ ಲೈಸೆನ್ಸ್ ಇರುವ ಕಾರ್ಖಾನೆಗಳು ಕೆಲಸವಿಲ್ಲದೆ ಸೊರಗಿದಾಗ ಕಸುಬುದಾರರಲ್ಲಿ ಹಲವರು ಕಳ್ಳ ಪಿಸ್ತೂಲಿನ ದಂಧೆಗೆ ಜಾರಿದರು. ಕೈಯಲ್ಲಿರುವ ವಿದ್ಯೆ ಹೊಟ್ಟೆಯ ಮಾತು ಕೇಳುತ್ತದೆ. ನೇರ ದಾರಿ ಮುಚ್ಚಿದರೆ ಅದು ಸಂದಿ ಹಿಡಿಯುತ್ತದೆ. ನಮ್ಮ ಜಿಲ್ಲೆಯ ಆಚಾರಿಗಳು ಸಂದಿ ಹಿಡಿಯದೆ, ಸುಮ್ಮನೆ ಕೆಲಸ ಬಿಟ್ಟು ಪ್ಲೈವುಡ್ ಕಪಾಟು ಮಾಡುತ್ತಿದ್ದಾರೆ. ಅದಕ್ಕೆ ಸಿಕ್ಕ ಬಹುಮಾನ, ಅವರ ವಿದ್ಯೆ ಅವರೊಂದಿಗೇ ಮಣ್ಣಿಗೆ ಹೋಗುವುದು.

ಮೂರನೆಯದು ನಿಜವಾಗಿ ತೂಕದ ಮಾತು. ಹಳೆಯ ಬಂದೂಕಿಗೆ ಹೊಸ ಮರ ಹಾಕಿದರೆ ಅಪಾಯಕಾರಿ ಬಂದೂಕನ್ನು ಮತ್ತೆ ಬಳಕೆಗೆ ತಂದಂತಾಗುವುದಿಲ್ಲವೆ? ಕೆಲವು ಬಂದೂಕುಗಳ ವಿಷಯದಲ್ಲಿ ಹೌದು. ಹಳೆಯ ವಿಲಾಯಿತಿ ಬಂದೂಕುಗಳಲ್ಲಿ ಬಹಳಷ್ಟಕ್ಕೆ ಎರಡೂವರೆ ಇಂಚಿನ, ಅಂದರೆ ಸುಮಾರು 65 ಮಿಲಿಮೀಟರಿನ ತೋಟಾ ಕೂರುವಷ್ಟೇ ಜಾಗವಿದೆ. ಈಗ ಸಿಗುವ ತೋಟಾ ಸಾಮಾನ್ಯವಾಗಿ 70 ಮಿಲಿಮೀಟರಿನದು. ಅದು ಒಳಗೆ ಹೋಗುತ್ತದೆ, ಆದರೆ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ತುಕ್ಕಿನಿಂದ ಒಳಗೆ ಗುಳಿ ಬಿದ್ದ ನಳಿಗೆ, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಮಾಡಿದ ಡಮಾಸ್ಕಸ್ ನಳಿಗೆ, ಇವನ್ನು ಬಲ್ಲವರು ನೋಡದೆ ಹಾರಿಸಲೇಬಾರದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನಳಿಗೆಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಮನೆಯನ್ನು 1813ರಲ್ಲೇ ಕಾಯ್ದೆ ಮಾಡಿ ಸ್ಥಾಪಿಸಿದರು. ಆದ್ದರಿಂದ ನಳಿಗೆಯ ಪರೀಕ್ಷೆಯನ್ನು ಬಿಗಿ ಮಾಡಿ ಎಂದು ನಾನೂ ಹೇಳುತ್ತೇನೆ. ಅಪಾಯ ಇರುವುದು ಅಲ್ಲಿ. ಆದರೆ ಈಗ ಆಗುತ್ತಿರುವುದು ತಿರುಗುಮುರುಗು. ಗುಳಿ ಬಿದ್ದ ನಳಿಗೆಗೆ ಯಾರೂ ಕಣ್ಣು ಹಚ್ಚಿ ನೋಡುವುದಿಲ್ಲ, ಸೀಳಿದ ಹಿಡಿಗೆ ತಂತಿ ಸುತ್ತಿ ಹಾರಿಸುತ್ತಾರೆ. ಆಚಾರಿಯ ಕೈಗೆ ಹೋದ ಬಂದೂಕನ್ನು ಕನಿಷ್ಠ ಒಬ್ಬ ತಿಳಿದವನು ಬಿಚ್ಚಿ ನೋಡುತ್ತಾನೆ.

ಇನ್ನು, ಬಂದೂಕೇ ಏಕೆ ಬೇಕು ಎನ್ನುವವರಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಸೋಲಾರ್ ಬೇಲಿ ಎಲ್ಲರ ಹೊಲಕ್ಕೂ ಬರಲಿ, ಬಂದೂಕು ಬೀರುವಿನಲ್ಲೇ ಉಳಿಯಲಿ. ಅಲ್ಲಿಯವರೆಗೆ ಲೈಸೆನ್ಸ್ ಕೊಟ್ಟಿರುವುದು ಸರ್ಕಾರವೇ. ಇಟ್ಟುಕೊಳ್ಳಬಹುದು, ಆದರೆ ಸುರಕ್ಷಿತವಾಗಿ ಇಟ್ಟುಕೊಳ್ಳುವಂತಿಲ್ಲ ಎಂಬ ಸ್ಥಿತಿಯಿಂದ ಗಾಂಧೀಜಿಯವರ ಅಹಿಂಸೆಗೆ ಯಾವ ಲಾಭವೂ ಇಲ್ಲ.

ಚಿತ್ರದುರ್ಗದ ಕೋಟೆಗೆ ಬಂದವರು ಮದ್ದು ಅರೆಯುತ್ತಿದ್ದ ದೊಡ್ಡ ಬೀಸುಕಲ್ಲುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಓಬವ್ವನ ಕಿಂಡಿಯ ಮುಂದೆ ಕೈ ಮುಗಿಯುತ್ತಾರೆ. ಅವಳ ಒನಕೆಯೂ ಯಾರೋ ಆಚಾರಿ ಹದ ಮಾಡಿದ ಮರವೇ. ಚನ್ನಪಟ್ಟಣದ ಗೊಂಬೆಗೆ, ಮೈಸೂರಿನ ಬೀಟೆ ಕುಸುರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಕೊಟ್ಟು ಹೆಮ್ಮೆಪಡುವ ನಾವು, ಅದೇ ಉಳಿ ಬಂದೂಕಿನ ಹಿಡಿಯತ್ತ ತಿರುಗಿದರೆ ಅಪರಾಧಿ ಎನ್ನುತ್ತೇವೆ.

ನಾನು ಕೇಳುವುದು ದೊಡ್ಡದೇನಲ್ಲ. ಮರದ ಕೆಲಸಕ್ಕಷ್ಟೇ ಸೀಮಿತವಾದ ಒಂದು ಸಣ್ಣ ಲೈಸೆನ್ಸ್ ಬರಲಿ. ಅರ್ಜಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲೇ ಇತ್ಯರ್ಥವಾಗಲಿ, ಪೊಲೀಸರು ಆಚಾರಿಯ ಹಿನ್ನೆಲೆ ನೋಡಲಿ. ಬಂದೂಕು ತಂದವನ ಲೈಸೆನ್ಸ್ ನಂಬರು, ನಳಿಗೆಯ ನಂಬರು, ತಂದ ದಿನ, ಒಯ್ದ ದಿನ ಒಂದು ಪುಸ್ತಕದಲ್ಲಿ ಬರೆದಿಡಲಿ. ಕಬ್ಬಿಣ ರಾತ್ರಿ ಆಚಾರಿಯ ಮನೆಯಲ್ಲಿ ಉಳಿಯುವುದು ಬೇಡವೆಂದರೆ ಮಾಲೀಕ ಬೆಳಿಗ್ಗೆ ತಂದು ಸಂಜೆ ಒಯ್ಯಲಿ. ನಳಿಗೆ, ಟ್ರಿಗರ್, ಕುದುರೆ ಮುಟ್ಟಿದರೆ ಈಗಿರುವ ಶಿಕ್ಷೆಯೇ ಇರಲಿ. ಮರ ಕೆತ್ತಿದವನಿಗೆ ಮಾತ್ರ ಬೇಡ.

ನಮ್ಮ ಸಂಸದರು, ಶಾಸಕರು ಆಯುಧಪೂಜೆಯ ದಿನ ಕತ್ತಿ ಹಿಡಿದು ಫೋಟೋಗೆ ನಿಲ್ಲುತ್ತಾರೆ. ಕಾಯ್ದೆ ಕೇಂದ್ರದ್ದು, ತಿದ್ದುವವರು ದೆಹಲಿಯಲ್ಲಿದ್ದಾರೆ ಎಂಬುದು ನನಗೂ ಗೊತ್ತು. ಹಿಡಿದ ಕತ್ತಿ ಕೆಳಗಿಟ್ಟು ಅಲ್ಲಿಗೆ ಒಂದು ಪತ್ರ ಬರೆಯಲಿ. ತಡಮಾಡಿದರೆ ಕಾನೂನು ಬದಲಾಗುವ ಹೊತ್ತಿಗೆ ಲೈಸೆನ್ಸಿಗೆ ಅರ್ಜಿ ಹಾಕಲು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಒಬ್ಬ ಆಚಾರಿಯೂ ಉಳಿದಿರುವುದಿಲ್ಲ. ತಂತಿ ಸುತ್ತಿದ ಬಂದೂಕುಗಳು ಮಾತ್ರ ಹಾಗೇ ಇರುತ್ತವೆ, ತೋಟಾ ತುಂಬಿಕೊಂಡು.